ಫಿಲ್ಟರ್ ನೋಡಿದೆ

ಫೆಬ್ರವರಿ 8, 2009, ಭಾನುವಾರ

ಇವತ್ತಿನಿಂದ ಎಲ್ಲವನ್ನೂ ಬರೆದಿಡುತ್ತೇನೆ. ನಾಳೆ ಏನಾದರೂ ಆದರೆ, ನಾನು ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕು.

ಅಣ್ಣನ ಶೆಡ್ಡಿಗೆ ಶಿಡ್ಲಘಟ್ಟದಿಂದ ಒಂದು ಬಿಳಿ ಕಾರು ಬಂದಿದೆ. ಚಿಕ್ಕದು, ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವಂಥದ್ದು. ಟರ್ಬೊ ಡೀಸೆಲ್. ತಂದವನು ತಿರುಮಲೇಶ್, ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಚೆನ್ನರಾಯಪ್ಪನವರ ಮಗ. ನಮ್ಮ ಅಜ್ಜಿ ಪೆದ್ದಮ್ಮ ಅವರ ಫಿಲೇಚರಿನಲ್ಲೇ ಕುದಿಯುವ ನೀರಿನಿಂದ ರೇಷ್ಮೆಗೂಡು ಎತ್ತಿ ನೂಲು ಬಿಚ್ಚಿದವಳು. ಅವಳ ಬೆರಳ ತುದಿಗಳು ಇವತ್ತಿಗೂ ಬೆಂದ ಹಾಗೆ ಬೆಳ್ಳಗಿವೆ. ಆ ಮನೆಯ ಮಗ ನಮ್ಮ ಶೆಡ್ಡಿನ ಮುಂದೆ ನಿಂತು ನಗುತ್ತಾನೆ ಎಂದರೆ ಏನೋ ಕಾರಣ ಇರಲೇಬೇಕು.

"ಅಂಬಿ, ಈ ಇಂಜಿನ್ನಿಗೆ ಇನ್ನೊಂದಿಷ್ಟು ದಮ್ಮು ತುಂಬಬೇಕು ಕಣೋ. ಗೌರಿಬಿದನೂರು ಹತ್ರ ಒಣಗಿರೋ ಕೆರೇಲಿ ಬೆಂಗಳೂರಿನ ಕ್ಲಬ್‌ನೋರು ರೇಸು ಇಟ್ಟಿದಾರೆ" ಎಂದ. ಅಣ್ಣ ಅಂಬರೀಶ್ ತಲೆ ಆಡಿಸಿದ.

ಇಬ್ಬರೂ ಐಟಿಐನಲ್ಲಿ ಒಟ್ಟಿಗೆ ಓದಿದವರಂತೆ, ಸ್ನೇಹಿತರಂತೆ. ಇರಲಿ. ಆದರೆ ನಾನು ಒಂದು ವಿಷಯ ಗಮನಿಸಿದೆ. ಅವನು ಗಾಡಿ ತರುವಾಗ ರಸ್ತೆಗೆ ಒಂದು ಕರು ಅಡ್ಡ ನಿಂತಿತ್ತು. ಅವನು ಹಾರ್ನ್ ಕೂಡ ಹೊಡೆಯದೆ ಅದು ಹೋಗುವ ತನಕ ಕಾದ. ಆಮೇಲೆ ಮೊದಲನೇ ಗೇರಿನಲ್ಲೇ ಶೆಡ್ಡಿನವರೆಗೆ ಬಂದ. ಇಂಥವನಿಗೆ ರೇಸು ಯಾಕೆ?

ಅಪ್ಪ ನರಸಿಂಹಪ್ಪ ತೀರಿಕೊಂಡಾಗ ನಮಗೆ ಉಳಿದದ್ದು ಒಂದು ಟ್ರಂಕಿನ ತುಂಬ ಕಿರುಹೊತ್ತಿಗೆಗಳು. ಸಭೆಗಳಲ್ಲಿ, ಜಯಂತಿಗಳಲ್ಲಿ ಕೊಂಡವು. ಕಾಲೇಜು ನನಗೆ ಕೊಟ್ಟದ್ದು ಒಂದು ಸರ್ಟಿಫಿಕೇಟು ಮಾತ್ರ, ಮಿಕ್ಕಿದ್ದೆಲ್ಲ ಆ ಟ್ರಂಕಿನಿಂದ ಬಂದದ್ದು. ಉಳ್ಳವರು ನಕ್ಕರೆ ಆ ನಗುವಿನ ಹಿಂದಿನ ಲಾಭ ಯಾವುದೆಂದು ಹುಡುಕು ಎಂದು ಅವುಗಳಲ್ಲೊಂದು ಹೇಳುತ್ತದೆ. ಹುಡುಕುತ್ತೇನೆ.

ಏಪ್ರಿಲ್ ಹದಿನಾಲ್ಕರ ಜಯಂತಿಗೆ ನಮ್ಮ ಸಂಘದ ವೇದಿಕೆಯಲ್ಲಿ ನಾನು ಭಾಷಣ ಮಾಡಬೇಕು. ವಿಷಯ ನಾನೇ ಆರಿಸಿಕೊಂಡೆ: ಜಾತಿ ದಾಟಿದ ಮದುವೆ. ಮೊದಲ ಪುಟ ಬರೆದಾಗಿದೆ. ಚೆನ್ನಾಗಿ ಬಂದಿದೆ.

ಫೆಬ್ರವರಿ 11

ಶೆಡ್ಡಿನಲ್ಲಿ ಕೂರಲು ನನಗೊಂದು ನೆಪ ಬೇಕಿತ್ತು. ಅಣ್ಣನೇ ಕೊಟ್ಟ.

"ಸುಮ್ನೆ ಕೂತು ನಮ್ಮನ್ನ ಗುರಾಯಿಸ್ತಾ ಇರೋ ಬದಲು ಕೆಲಸ ಕಲಿ ಮಿತ್ರಾ. ಏರ್ ಫಿಲ್ಟರ್ ಇವತ್ತಿಂದ ನಿಂದು. ವಾರಕ್ಕೊಂದ್ಸಲ ತೆಗಿ, ಒಳಗಿಂದ ಹೊರಕ್ಕೆ ಗಾಳಿ ಹೊಡಿ, ವಾಪಸ್ ಕೂರಿಸು."

"ಗಾಡಿ ಮೂಗು ಸೀಟೋ ಕೆಲಸ ನಂಗೆ."

"ಹೂಂ ಕಣಮ್ಮ. ಮೂಗು ಕಟ್ಟಿದ್ರೆ ಎಂಥ ಪೈಲ್ವಾನ್ ಆದ್ರೂ ಓಡಕ್ಕಾಗಲ್ಲ."

ಆಮೇಲೆ ಬಾನೆಟ್ಟಿನೊಳಗೆ ಬಗ್ಗಿಸಿ ತೋರಿಸಿದ. ಇಂಜಿನ್ನು ಉಗುಳುವ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಕಬ್ಬಿಣದ ಗೂಡು, ಅದೇ ಟರ್ಬೊ. ಅದರೊಳಗೆ ಹೊಗೆಯಿಂದ ತಿರುಗುವ ಒಂದು ಚಕ್ರ, ಅದೇ ಕಡ್ಡಿಗೆ ಆ ಕಡೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ತುರುಕುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಸುಡಬಹುದು, ಹೆಚ್ಚು ಸುಟ್ಟರೆ ಹೆಚ್ಚು ಶಕ್ತಿ. ಗಾಳಿ ಮಿತಿ ಮೀರಿದರೆ ಹೊಗೆಯನ್ನು ಪಕ್ಕಕ್ಕೆ ಬಿಡಲು ಒಂದು ಪುಟ್ಟ ಬಾಗಿಲಿದೆ. ಅದನ್ನು ತೆರೆಯುವ ಕಡ್ಡಿಯನ್ನು ಅಣ್ಣ ಸ್ವಲ್ಪ ಗಿಡ್ಡ ಮಾಡಿದ, ಬಾಗಿಲು ತಡವಾಗಿ ತೆರೆಯಲಿ ಎಂದು. ಎಷ್ಟು ಗಾಳಿ ತುಂಬುತ್ತಿದೆ ಎಂದು ನೋಡಲು ಒಂದು ಮೀಟರನ್ನು ಆಸ್ಪತ್ರೆಯ ಡ್ರಿಪ್ ಪೈಪಿನಲ್ಲಿ ಸಿಕ್ಕಿಸಿ ಸ್ಟೇರಿಂಗ್ ಪಕ್ಕ ಕಟ್ಟಿದ್ದಾನೆ.

ಬೇಡವೆಂದು ಹೊರಗೆ ದೂಡಿದ ಹೊಗೆಯೇ ಇಡೀ ಯಂತ್ರಕ್ಕೆ ಉಸಿರು ಕೊಡುತ್ತದೆ. ಇದನ್ನು ಭಾಷಣದಲ್ಲಿ ಬಳಸಬಹುದು. ಅಣ್ಣನಿಗೆ ಹೇಳಿದೆ. "ಎಲ್ಲಾನೂ ಭಾಷಣಕ್ಕೆ ಹಾಕ್ಬಿಡ್ತೀಯ, ಸ್ಪ್ಯಾನರ್ ಒಂದು ಬಿಟ್ಟು" ಎಂದ.

ಫೆಬ್ರವರಿ 15, ಭಾನುವಾರ

ಅಣ್ಣ ಗಾಡಿಯನ್ನು ಬಾಗೇಪಲ್ಲಿ ಕಡೆಗೆ ಹೈವೇಯಲ್ಲಿ ಓಡಿಸಿ ನೋಡಲು ಹೊರಟ. ನಾನೂ ಹತ್ತಿದೆ, ಮೀಟರ್ ಓದಲು ಒಬ್ಬರು ಬೇಕಲ್ಲ ಎಂದು. ನಿಜವಾದ ಕಾರಣ, ತಿರುಮಲೇಶ್ ದಾರಿಯಲ್ಲಿ ಎಲ್ಲಾದರೂ ಸೇರಿಕೊಳ್ಳುತ್ತಾನೋ ನೋಡಬೇಕಿತ್ತು. ಅವನು ಬರಲಿಲ್ಲ.

ಪೆರೇಸಂದ್ರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅಣ್ಣ ಎಕ್ಸಿಲರೇಟರ್ ಒತ್ತಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಯಾರೋ ಶಿಳ್ಳೆ ಹಾಕಿದ ಹಾಗೆ ಸಣ್ಣ ಸದ್ದು ಎದ್ದಿತು, ಮೀಟರಿನ ಮುಳ್ಳು ಏರಿತು, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮುಂದಿದ್ದ ಟೊಮೆಟೊ ಲಾರಿ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು.

ಇದೆಲ್ಲ ಹೊಟ್ಟೆ ತುಂಬಿದವರ ಆಟ. ಬರಿಯ ಶಕ್ತಿಯ ವ್ಯಾಮೋಹ. ಇಷ್ಟು ಬರೆದಿಟ್ಟಿರುತ್ತೇನೆ. ವಾಪಸ್ ಬರುವಾಗ ಇನ್ನೊಂದು ಸಲ ಒತ್ತು ಎಂದು ನಾನೇ ಹೇಳಿದೆ, ಮುಳ್ಳು ಸರಿಯಾಗಿ ಕಾಣಿಸಿರಲಿಲ್ಲ.

ಫೆಬ್ರವರಿ 19

ಫಿಲ್ಟರ್ ಬಿಚ್ಚಿದೆ. ಮಡಿಕೆಗಳ ತುಂಬ ಬೆಳ್ಳಗೆ ಏನೋ ಅಂಟಿತ್ತು. ಧೂಳಲ್ಲ. ಹತ್ತಿಯೂ ಅಲ್ಲ. ಬೆರಳಲ್ಲಿ ಹಿಡಿದು ಎಳೆದರೆ ಎಳೆ ಎಳೆಯಾಗಿ ಬಂತು, ಹೊಳೆಯಿತು.

ಪೆದ್ದಮ್ಮನಿಗೆ ತೋರಿಸಿದೆ. ಅವಳು ಕಣ್ಣಿನ ಹತ್ತಿರ ಕೂಡ ಒಯ್ಯಲಿಲ್ಲ, ಬೆರಳಲ್ಲೇ ಹೊಸಕಿದಳು. "ಇದಾ? ಗೂಡಿನ ಮೇಲಿನ ನವಿರು ಕಣೇ. ನೂಲು ತೆಗಿಯಕ್ಕೆ ಮುಂಚೆ ಬಿಡಿಸ್ತಾರಲ್ಲ. ಫಿಲೇಚರ್ ಹಿತ್ತಲಲ್ಲಿ ಹಾರಾಡ್ತಿರ್ತದೆ. ನಿನ್ ಕೈಗೆಂಗೆ ಬಂತೇ?"

ವಾಪಸ್ ಶೆಡ್ಡಿಗೆ ಹೋದೆ. ಗಾಳಿ ಹೊಡೆದು ಶುಚಿ ಮಾಡಿ ಕೂರಿಸಿದೆ.

ಫೆಬ್ರವರಿ 22

ಯೋಚಿಸಿದೆ. ಗಾಡಿ ನಮ್ಮ ಶೆಡ್ಡಿನಲ್ಲಿರುತ್ತದೆ. ಅಣ್ಣ ಮಾತ್ರ ಅದನ್ನು ತೆಗೆದುಕೊಂಡು ಹೋಗುತ್ತಾನೆ, "ತಿರುಮಲೇಶನಿಗೆ ತೋರಿಸಿಕೊಂಡು ಬರ್ತೀನಿ" ಎಂದು. ಹಾಗಾದರೆ ಚೆನ್ನರಾಯಪ್ಪನವರ ಫಿಲೇಚರಿನ ಹಿತ್ತಲಲ್ಲಿ ಅದು ನಿಲ್ಲುತ್ತಿದೆ. ಆದರೆ ನಿಂತ ಗಾಡಿ ಗಾಳಿ ಎಳೆಯುವುದಿಲ್ಲ. ಇಂಜಿನ್ ಓಡುತ್ತಲೇ ಬಹಳ ಹೊತ್ತು ನಿಂತಿರಬೇಕು. ಈ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಒಳಗೆ ಯಾರೋ ಕೂತು ಮಾತಾಡುತ್ತಿದ್ದಾರೆ.

ಕೂರುವವನು ಅಣ್ಣ. ಎರಡನೆಯವರು ಯಾರು?

ಇನ್ನೊಂದು. ಒಣಕೆರೆಯ ರೇಸು ಎಂದರೆ ಮಣ್ಣಿನಲ್ಲಿ ಒಂದೆರಡು ನಿಮಿಷದ ಓಟ ಎಂದು ತಿರುಮಲೇಶನೇ ಹೇಳಿದ್ದ. ಅದಕ್ಕೆ ಗಾಡಿ ಹಗುರವಾಗಿರಬೇಕು, ಜಿಗಿಯಬೇಕು. ಅಣ್ಣ ಮೊದಲು ಹಿಂದಿನ ಸೀಟು ಕಿತ್ತು ಹಾಕಿದ್ದ. ಈ ವಾರ ವಾಪಸ್ ಕೂರಿಸಿದ್ದಾನೆ. ಹಳೇ ವ್ಯಾನಿನ ದೊಡ್ಡ ಇಂಟರ್‌ಕೂಲರ್ ತಂದು ಮುಂದೆ ಕಟ್ಟಿದ್ದಾನೆ, ಟರ್ಬೊದಿಂದ ಬರುವ ಬಿಸಿಗಾಳಿ ತಣ್ಣಗಾಗಲಿ ಎಂದು. ಹೈವೇಯಲ್ಲಿ ಒಂದೇ ಸಮ ಗಂಟೆಗಟ್ಟಲೆ ಓಡಿಸಿ ನೀರಿನ ಬಿಸಿ ಮಾತ್ರ ನೋಡುತ್ತಾನೆ. ಇದು ಜಿಗಿಯುವ ಗಾಡಿಯಲ್ಲ. ಇದು ದೂರ ಹೋಗುವ ಗಾಡಿ. ಇಬ್ಬರನ್ನೂ ಅವರ ಸಾಮಾನನ್ನೂ ಹೊತ್ತು, ಎಲ್ಲೂ ನಿಲ್ಲದೆ, ಹಿಂದೆ ಬರುವವರ ಕೈಗೆ ಸಿಗದೆ ದೂರ ಹೋಗುವ ಗಾಡಿ.

ಕೇಳಿದೆ. "ರೇಸಿಗೆ ಹಿಂದಿನ ಸೀಟು ಯಾಕಣ್ಣ?"

"ರೂಲ್ಸು."

"ಯಾವ ರೂಲ್ಸು?"

"ಕ್ಲಬ್‌ನೋರ ರೂಲ್ಸು. ನಿನ್ ಪೊಲೀಸ್ ಸ್ಟೇಷನ್ ಬಾಗ್ಲು ಹಾಕಿ ಕಾಫಿ ಕೊಡು."

ಫೆಬ್ರವರಿ 27

ಇವತ್ತು ಒಬ್ಬ ಹುಡುಗಿ ಶೆಡ್ಡಿಗೆ ಬಂದಳು. ಸ್ಕೂಟಿ ಸ್ಟಾರ್ಟ್ ಆಗುತ್ತಿಲ್ಲ ಎಂದಳು. ಅದನ್ನು ಓಡಿಸಿಕೊಂಡೇ ಬಂದಿದ್ದಳು.

ಶೈಲಜಾ. ತಿರುಮಲೇಶನ ತಂಗಿ. ಇಲ್ಲಿನ ಕಾಲೇಜಿನಲ್ಲಿ ಎಂ.ಕಾಂ. ಮಾಡುತ್ತಿದ್ದಾಳೆ. ಅಣ್ಣ ಅವಳ ಮುಖ ನೋಡಲಿಲ್ಲ. ನಮ್ಮ ಅಣ್ಣ ಎಂಥ ಗಿರಾಕಿ ಬಂದರೂ ಮುಖ ನೋಡಿ ಮಾತಾಡುವವನು. ಸ್ಕೂಟಿಯ ಪ್ಲಗ್ ಬಿಚ್ಚಿ, ಒರೆಸಿ, ಅದನ್ನೇ ಹಾಕಿದ.

ಅವಳು ನನ್ನ ಪಕ್ಕ ಟೈರಿನ ಮೇಲೆ ಕೂತಳು. ಚೂಡಿದಾರದ ವೇಲಿಗೆ ಅದೇ ಬಿಳಿ ನವಿರು ಅಂಟಿತ್ತು.

"ನೀವು ಸಂಘಮಿತ್ರ ಅಲ್ವಾ? ತುಂಬ ಓದ್ತೀರಂತೆ."

"ಯಾರು ಹೇಳಿದ್ರು?"

"ಹಿಂಗೇ. ಕೇಳಿದ್ದು." ನನ್ನ ಕೈಯಲ್ಲಿದ್ದ, ಅಪ್ಪನ ಟ್ರಂಕಿನ ಕಿರುಹೊತ್ತಿಗೆಯನ್ನು ನೋಡಿದಳು. "ಇದು ನನಗೂ ಓದಕ್ಕೆ ಕೊಡ್ತೀರಾ? ಅರ್ಧ ಕೇಳಿದ್ದೀನಿ. ಮುಗಿದೇ ಇಲ್ಲ."

ಅರ್ಧ ಕೇಳಿದ್ದೀನಿ ಎಂದರೆ? ಅದು ಓದುವ ಪುಸ್ತಕ, ಹಾಡಲ್ಲ. ನಾನು ಕೊಡಲಿಲ್ಲ. ಬೇರೆಯವರಿಗೆ ಕೊಟ್ಟಿದ್ದೇನೆ ಎಂದೆ, ಅದು ನನ್ನ ತೊಡೆಯ ಮೇಲೇ ಇತ್ತು.

ಪೆದ್ದಮ್ಮ ಒಳಗಿಂದ ಬಂದು ಅವಳ ಗಲ್ಲ ಹಿಡಿದಳು. "ಚೆನ್ನರಾಯಪ್ಪನ ಪಾಪ ಅಲ್ಲವೇ ನೀನು? ಎಂತ ದೊಡ್ಡೋಳಾಗಿದೀಯೇ. ನಾನ್ ನೂಲು ತೆಗೀವಾಗ ಬಿಸಿನೀರಲ್ಲಿ ಕೈ ಹಾಕಕ್ಕೆ ಬಂದು ಒದೆ ತಿಂದಿದ್ದೆ, ನೆನಪೈತಾ?"

"ಒದೆ ನೀವೇ ಕೊಟ್ಟಿದ್ದು ಪೆದ್ದಮ್ಮ. ನಮ್ಮಪ್ಪ ಅಲ್ಲ."

ಇಬ್ಬರೂ ನಕ್ಕರು. ನನಗೆ ಅದೂ ಸರಿ ಕಾಣಲಿಲ್ಲ. ಅವಳು ನಮ್ಮ ಲೋಟದಲ್ಲಿ ಕಾಫಿ ಕುಡಿದಳು, ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ನಾನು ಕೊನೆಯ ಗುಟುಕಿನವರೆಗೆ ನೋಡಿದೆ. ನಾಟಕ ಇಷ್ಟು ಚೆನ್ನಾಗಿಯೂ ಮಾಡಬಹುದು.

ಮಾರ್ಚ್ 2

ಈಗ ಗೊತ್ತಾಯಿತು. ಗೊತ್ತಾಗಬಾರದಿತ್ತು.

ಅಣ್ಣ ಆ ಹುಡುಗಿಯನ್ನು ಕರೆದುಕೊಂಡು ಹೋಗಲು ಗಾಡಿ ತಯಾರು ಮಾಡುತ್ತಿದ್ದಾನೆ. ಅದೂ ಅವರದೇ ಗಾಡಿ. ಸಿಕ್ಕಿಬಿದ್ದರೆ ಕಳ್ಳತನದ ಕೇಸು ಮೊದಲು, ಮಿಕ್ಕಿದ್ದು ಆಮೇಲೆ. ಚೆನ್ನರಾಯಪ್ಪನವರ ತಮ್ಮಂದಿರು ನಾಲ್ಕು ಊರಿಗೆ ಹರಡಿಕೊಂಡಿದ್ದಾರೆ, ಎಲ್ಲರ ಬಳಿಯೂ ದೊಡ್ಡ ದೊಡ್ಡ ಗಾಡಿಗಳಿವೆ. ನಮ್ಮ ಕೇರಿಯ ಬಯ್ಯಪ್ಪನ ಮಗ ಗೌರಿಬಿದನೂರಿನ ಕಡೆಯ ಮೇಲ್ಜಾತಿಯ ಹುಡುಗಿಯ ಜೊತೆ ಹೋಗಿ ಸಿಕ್ಕಿಬಿದ್ದಾಗ ಅವನನ್ನು ನಾನೇ ಆಸ್ಪತ್ರೆಯಲ್ಲಿ ನೋಡಿದ್ದೆ. ಅವನು ಇವತ್ತಿಗೂ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ.

ಅವಳಿಗೆ ಏನಾಗುತ್ತದೆ? ಬೈದು ಮನೆಯಲ್ಲಿ ಕೂರಿಸುತ್ತಾರೆ. ಅಣ್ಣನಿಗೆ?

ಭಾಷಣದ ಎರಡನೇ ಪುಟ ಬರೆಯಲು ಕೂತೆ. ಪೆನ್ನಿನ ಇಂಕು ಸರಿಯಿಲ್ಲ. ವಿಷಯ ಬದಲಾಯಿಸಬೇಕು ಎನ್ನಿಸುತ್ತಿದೆ. ಶಿಕ್ಷಣದ ಬಗ್ಗೆ ಮಾತಾಡುವುದು ಹೆಚ್ಚು ಉಪಯುಕ್ತ. ಮದುವೆ ಗಿದುವೆ ಅವರವರ ಸ್ವಂತ ವಿಷಯ.

ಮಾರ್ಚ್ 5

ಫಿಲ್ಟರ್ ಬಿಚ್ಚಿದೆ. ಈ ಸಲ ನವಿರು ಪದರ ಕಟ್ಟಿತ್ತು, ಕಂಬಳಿಯ ಹಾಗೆ. ಅದರ ಮೇಲೆ ಧೂಳು ಕೂತು ಬೂದು ಬಣ್ಣಕ್ಕೆ ತಿರುಗಿತ್ತು. ಬೆಳಕಿಗೆ ಹಿಡಿದೆ. ಆ ಕಡೆಯಿಂದ ಬೆಳಕು ಬರಲಿಲ್ಲ.

ಹಾಗೇ ಕೂರಿಸಿದೆ. ಮುಚ್ಚಳ ಹಾಕಿ ಕ್ಲಿಪ್ಪು ಒತ್ತಿದೆ.

ಅಣ್ಣ ಕೆಳಗಿಂದ ಕೇಳಿದ, "ಮಿತ್ರಾ, ಫಿಲ್ಟರ್ ನೋಡಿದ್ಯಾ?"

"ನೋಡಿದೆ" ಎಂದೆ. ನೋಡಿದ್ದು ನಿಜ.

ಮಾರ್ಚ್ 9

ಗಾಡಿ ಕಪ್ಪು ಹೊಗೆ ಉಗುಳುತ್ತಿದೆ. ಗಾಳಿ ಸಾಲದೆ ಡೀಸೆಲ್ ಅರೆಬರೆ ಸುಟ್ಟರೆ ಹೀಗಾಗುತ್ತದೆ, ನನಗೆ ಇದನ್ನು ಅಣ್ಣನೇ ಕಲಿಸಿದ್ದು. ಹೈವೇಯ ದಿಬ್ಬದಲ್ಲಿ ಮೀಟರಿನ ಮುಳ್ಳು ಮೇಲೇಳಲಿಲ್ಲ. ಹಿಂದಿನ ಬಸ್ಸಿನವನು ದೀಪ ಮಿಣುಕಿಸಿ ಬೈದು ಮುಂದೆ ಹೋದ. ಸ್ಕಂದಗಿರಿ ಹತ್ತಿ ಇಳಿದು ಬಂದ ಬೆಂಗಳೂರಿನ ಹುಡುಗರು ರಸ್ತೆಬದಿ ನಿಂತಿದ್ದರು, ನಮ್ಮ ಹೊಗೆಗೆ ಕರ್ಚೀಫು ಮೂಗಿಗಿಟ್ಟುಕೊಂಡರು.

ಅಣ್ಣ ಡೀಸೆಲ್ ಪಂಪಿನ ಸ್ಕ್ರೂ ಹಿಂದಕ್ಕೆ ತಿರುಗಿಸಿದ, ಮುಂದಕ್ಕೆ ತಿರುಗಿಸಿದ. ಕಡ್ಡಿ ಬಿಚ್ಚಿ ಮತ್ತೆ ಕಟ್ಟಿದ. ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿ ಗಾಳಿ ಸೋರುತ್ತಿದೆಯೋ ನೋಡಿದ. ಅವನ ಉಗುರುಗಳು ಒಡೆದಿವೆ. "ಟರ್ಬೊನೇ ಹೋಯ್ತೇನೋ" ಎಂದ. ಧ್ವನಿ ನಮ್ಮ ಅಪ್ಪನ ಕೊನೆಗಾಲದ ಧ್ವನಿಯ ಹಾಗಿತ್ತು.

ಒಳ್ಳೆಯದೇ ಆಯಿತು. ಗಾಡಿ ಇಲ್ಲದಿದ್ದರೆ ಯೋಚನೆಯೂ ಇರುವುದಿಲ್ಲ. ಇಂಥ ಹೊಗೆ ಬಿಟ್ಟುಕೊಂಡು ಹೋದರೆ ಪ್ರತಿಯೊಂದು ಬಸ್ ಸ್ಟ್ಯಾಂಡಿನವನೂ ಗುರುತು ಹೇಳುತ್ತಾನೆ.

ಸಂಜೆ ಊಟಕ್ಕೆ ಕರೆದೆ. ಬರಲಿಲ್ಲ.

ಮಾರ್ಚ್ 13, ಶುಕ್ರವಾರ

ಒಂದು ಕೆಲಸ ಮಾಡಿದೆ. ಅದು ಸರಿಯಾದದ್ದೇ.

ಬಸ್ಸು ಹತ್ತಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದೆ. ತಿರುಮಲೇಶ್ ಬೆಳಿಗ್ಗೆ ಹರಾಜಿನಲ್ಲಿರುತ್ತಾನೆ ಎಂದು ಗೊತ್ತಿತ್ತು. ಇಡೀ ಮಾರುಕಟ್ಟೆ ಬಿಳಿ, ಹಳದಿ ಗೂಡುಗಳ ರಾಶಿ, ಕೂಗಾಟ. ಅವನು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ನಿಂತಿದ್ದ, ಒಳಗಿನ ಹುಳ ಕದಲುವ ಸದ್ದು ಕೇಳಲು. ನನ್ನನ್ನು ನೋಡಿ ಗೂಡು ಕೆಳಗೆ ಹಾಕಿದ. ಪಕ್ಕದ ಟೀ ಅಂಗಡಿಯ ಹಿಂದೆ ಕರೆದುಕೊಂಡು ಹೋದ.

ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತು ಒಂದೇ ಉಸಿರಿಗೆ ಹೇಳಿದೆ. "ನಿಮ್ಮ ತಂಗೀನ ಹುಷಾರಾಗಿ ನೋಡ್ಕೊಳ್ಳಿ. ನಮ್ಮಣ್ಣನ ತಂಟೆಗೆ ಬರೋದು ಬೇಡ. ಆಮೇಲೆ ಅನುಭವಿಸೋರು ನಾವು."

ಅವನು ಟೀ ಗ್ಲಾಸು ಕೆಳಗಿಟ್ಟ. "ಯಾರಿಗಾದ್ರೂ ಹೇಳಿದ್ಯೇನಮ್ಮ ಇದನ್ನ?"

"ಇಲ್ಲ. ನಿಮಗೇ ಮೊದಲು."

"ಸದ್ಯ." ಆ ಕಡೆ ಈ ಕಡೆ ನೋಡಿದ. "ನನ್ನ ಮುಖ ನೋಡು. ಇದು ರೇಸ್ ಓಡ್ಸೋ ಮುಖಾನಾ? ನಂದಿ ಬೆಟ್ಟ ಹತ್ತುವಾಗ ಹಿಂದೆ ಹತ್ತು ಗಾಡಿ ಲೈನ್ ಕಟ್ತವೆ. ನಮ್ಮಮ್ಮ ನನ್ನ ಪಕ್ಕ ಕೂತ್ರೆ ನಿದ್ದೆ ಮಾಡ್ತಾರೆ."

"ಹಂಗಾದ್ರೆ?"

"ಗಾಡಿ ನಾನೇ ಕೊಟ್ಟಿದ್ದು. ಅವರಿಬ್ರಿಗೆ. ಚಿಕ್ಕಪ್ಪಂದ್ರ ಗಾಡಿ ಎಷ್ಟು ಸ್ಪೀಡು ಹೋಗ್ತವೆ ಅಂತ ನಂಗೊತ್ತು, ಅದಕ್ಕಿಂತ ಜಾಸ್ತಿ ಮಾಡು ಅಂತ ಅಂಬಿಗೆ ಹೇಳಿದ್ದೂ ನಾನೇ. ಯುಗಾದಿ ಆದ್ಮೇಲೆ ಶೈಲೂಗೆ ಚಿಂತಾಮಣಿ ಕಡೆ ಗಂಡು ನಿಶ್ಚಯ ಮಾಡ್ತಾರೆ. ಅಷ್ಟರೊಳಗೆ ಹೋಗ್ಬೇಕು. ಇಬ್ರೂ ಮೇಜರ್ರು. ಒಂದ್ಸಲ ರಿಜಿಸ್ಟರ್ ಆಗಲಿ, ಮಿಕ್ಕಿದ್ದು ನಾನು ನೋಡ್ಕೋತೀನಿ." ಆಮೇಲೆ ತಗ್ಗಿದ ಧ್ವನಿಯಲ್ಲಿ, "ಆದ್ರೆ ಈಗ ಆ ಗಾಡಿಗೇನೋ ಆಗಿದೆ ಅಂತಾನೆ. ಹೊಗೆ ಅಂತೆ. ಅಂಬೀಗೇ ತಿಳೀತಿಲ್ಲ" ಎಂದ.

ಅವನು ನನಗೂ ಟೀ ಹೇಳಿದ. ಕುಡಿಯಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಇದು ಬಲೆ ಇರಬಹುದು. ತಂಗಿಯನ್ನು ತಾನೇ ಓಡಿಸಿ ಕಳಿಸುವ ಅಣ್ಣ ಎಲ್ಲಿರುತ್ತಾನೆ? ನಮ್ಮ ಅಣ್ಣನನ್ನು ಹೈವೇಯಲ್ಲಿ ಒಂಟಿಯಾಗಿ ಸಿಕ್ಕಿಸಲು ಹೂಡಿದ ಆಟ ಇರಬಹುದು. ನಾನು ಅವನಿಗೆ ಹೇಳದೆ ಅವರಪ್ಪನಿಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಮಾತ್ರ ಯೋಚಿಸಲಿಲ್ಲ. ಅಷ್ಟರಲ್ಲಿ ಊರು ಬಂತು.

ಮಾರ್ಚ್ 15, ಭಾನುವಾರ

ಅಣ್ಣನನ್ನು ನೇರವಾಗಿ ಕೇಳಿದೆ. ಅವನು ಕಾರಿನ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಕಾಲಿನ ಜೊತೆ ಮಾತಾಡುವುದು ಸುಲಭವೆನ್ನಿಸಿತು.

"ತಿರುಮಲೇಶನ್ನ ನಂಬ್ತೀಯಾ?"

ಸ್ಪ್ಯಾನರಿನ ಸದ್ದು ನಿಂತಿತು. "ಹೇಳ್ಬಿಟ್ನಾ ಅವನು?"

"ನಾನೇ ಕಂಡುಹಿಡಿದೆ. ಅವನನ್ನ ನಂಬ್ತೀಯಾ ಅಂತ ಕೇಳಿದ್ದು."

"ಎಲ್ರನ್ನೂ ಅನುಮಾನಿಸ್ತಾ ಕೂತ್ರೆ ಒಂದು ನಟ್ಟು ಟೈಟ್ ಮಾಡಕ್ಕಾಗಲ್ಲ ಮಿತ್ರಾ. ಯಾರೋ ಒಬ್ರು ಜಾಕ್ ಹಿಡ್ಕೊಂಡಿರ್ತಾರೆ ಅಂತ ನಂಬಿಯೇ ಇಲ್ಲಿ ಮಲಗಿರೋದು."

"ಬಯ್ಯಪ್ಪನ ಮಗನ ಕಾಲು ನೋಡಿದೀಯಲ್ಲ."

"ನೋಡಿದೀನಿ."

"ಆದ್ರೂ?"

ಕೆಳಗಿಂದ ನಕ್ಕ ಸದ್ದು ಬಂತು. "ಜಾತಿ ದಾಟಬೇಕು ಅಂತ ಅಪ್ಪನ ಪುಸ್ತಕದಿಂದ ನೀನೇ ತಾನೇ ಓದಿದ್ದು? ದಿನಾ ಸಂಜೆ ಆ ಟೈರಿನ ಮೇಲೆ ಕೂತು ಜೋರಾಗಿ ಓದ್ತಿದ್ದೆ, ಯಾರೂ ಕೇಳಲ್ಲ ಅಂತ ಅಂದ್ಕೊಂಡು. ನಾನು ಇಲ್ಲಿ ಕೆಳಗೆ ಮಲಗಿ ಕೇಳ್ತಿದ್ದೆ. ಎಷ್ಟೋ ದಿನ ಕೆಲಸ ಮುಗಿದಿದ್ರೂ ಮಲಗೇ ಇರ್ತಿದ್ದೆ, ನೀನು ಪುಟ ಮುಗಿಸ್ಲಿ ಅಂತ. ಅದನ್ನೇ ಶೈಲೂಗೆ ಹೇಳ್ತಿದ್ದೆ. ನನಗೆ ಬೇರೆ ಏನ್ ಮಾತು ಬರ್ತದೆ ಹೇಳು, ಟರ್ಬೊ ಬಿಟ್ರೆ?"

ಅರ್ಧ ಕೇಳಿದ್ದೀನಿ ಎಂದು ಅವಳು ಹೇಳಿದ್ದು ಅದು.

ನಾನು ಒಳಗೆ ಹೋಗಿ ಪೆದ್ದಮ್ಮನ ಪಕ್ಕ ಹುರುಳಿಕಾಯಿ ಬಿಡಿಸುತ್ತ ಕೂತೆ. "ಏಮೇ, ಮುಖ ಯಾಕಿಂಗೆ?" ಎಂದಳು. ಧೂಳು ಎಂದೆ.

ಮಾರ್ಚ್ 16

ಫಿಲ್ಟರ್ ಬಿಚ್ಚಿದೆ. ನವಿರನ್ನು ಕೈಯಿಂದ ಬಿಡಿಸಿ ಬಿಡಿಸಿ ತೆಗೆದೆ. ಕೈ ತುಂಬುವಷ್ಟು ಬಂತು. ಉಂಡೆ ಮಾಡಿ ಕಿಟಕಿಯ ಮೇಲಿಟ್ಟೆ. ಗಾಳಿ ಹೊಡೆದೆ, ಒಳಗಿಂದ ಹೊರಕ್ಕೆ. ಬೆಳಕಿಗೆ ಹಿಡಿದೆ, ಮಡಿಕೆ ಮಡಿಕೆಯಲ್ಲೂ ಬಿಸಿಲು ಕಂಡಿತು. ಆದರೂ ಸಮಾಧಾನವಾಗದೆ ಪೇಟೆಗೆ ಹೋಗಿ ಹೊಸದೊಂದು ತಂದು ಅದನ್ನೇ ಹಾಕಿದೆ. ಫಿಲ್ಟರ್ ಡಬ್ಬಿಯ ಬಾಯಿಗೆ ತಂತಿಯ ಬಲೆಯನ್ನೂ ಕಟ್ಟಿದೆ.

"ಅಣ್ಣ, ಈಗ ಸ್ಟಾರ್ಟ್ ಮಾಡು."

"ಪಂಪು ಇನ್ನೂ..."

"ಮಾಡಣ್ಣ ಸುಮ್ನೆ."

ಮಾಡಿದ. ಒತ್ತಿದ. ಶಿಳ್ಳೆ ಎದ್ದಿತು. ಅಣ್ಣ ಇಳಿದು ಸೈಲೆನ್ಸರಿನ ಹಿಂದೆ ಕೈ ಹಿಡಿದ. ಅಂಗೈ ನೋಡಿಕೊಂಡ, ಮಸಿ ಇರಲಿಲ್ಲ. ಆಮೇಲೆ ಕಿಟಕಿಯ ಮೇಲಿನ ಉಂಡೆ ನೋಡಿದ. ನನ್ನನ್ನು ನೋಡಿದ. "ಕಾಫಿ ಕುಡಿಯೋಣ ಬಾ" ಎಂದ.

ಪಂಪಿನ ಸ್ಕ್ರೂ ಇಬ್ಬರೂ ಸೇರಿ ಮತ್ತೆ ಸರಿ ಮಾಡಿದೆವು. ಅರ್ಧ ತಿರುವು ಹೆಚ್ಚಾಯಿತು ಎಂದು ನಾನು ಹೇಳಿದೆ. ಇಂಜಿನ್ನಿನ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು.

ಮಾರ್ಚ್ 19, ಗುರುವಾರ

ಹೋದರು.

ಬೆಳಿಗ್ಗೆ, ಗೂಡಿನ ಹರಾಜು ನಡೆಯುವ ಹೊತ್ತು. ಚೆನ್ನರಾಯಪ್ಪ ಮಾರುಕಟ್ಟೆಯಲ್ಲಿದ್ದರು, ಅವರ ತಮ್ಮಂದಿರೂ ಅಲ್ಲೇ. ಅವರನ್ನು ಅಲ್ಲೇ ಹಿಡಿದಿಡುತ್ತೇನೆ ಎಂದು ತಿರುಮಲೇಶ್ ಹೇಳಿದ್ದ. ಬೇಡದ ಗೂಡಿಗೆಲ್ಲ ಕೂಗು ಹಾಕಿ ಜಗಳ ತೆಗೆಯುತ್ತಾನಂತೆ. ಬೆಳಗಿನಿಂದ ಪ್ರತಿ ಗಾಡಿಯ ಸದ್ದಿಗೂ ನಾನು ಬಾಗಿಲಿಗೆ ಬಂದು ನೋಡಿದೆ. ಅವನು ಮಾತು ತಪ್ಪುತ್ತಾನೆ ಎಂದೇ ಕಾದೆ. ಶೈಲಜಾ ಕಾಲೇಜು ಬ್ಯಾಗಿನ ಜೊತೆ ಬಸ್ಸಿಳಿದು ನಡೆದು ಬಂದಳು. ಅವಳ ಹಿಂದೆ ಯಾರೂ ಇರಲಿಲ್ಲ.

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಯಾರೂ ನನ್ನ ಬಾಯಿಂದ ಕೀಳಲಾರರು. ತಲುಪಿ, ರಿಜಿಸ್ಟರ್ ಆದ ಮೇಲೆ ಒಂದು ಮಿಸ್ಡ್ ಕಾಲ್. ಒಂದೇ ರಿಂಗು. ಅಷ್ಟೇ ಒಪ್ಪಂದ.

ಪೆದ್ದಮ್ಮ ಶೈಲಜಾಳ ಕೈಗೆ ಚಿತ್ರಾನ್ನದ ಡಬ್ಬಿ ಕೊಟ್ಟು, "ಜಾಗ್ರತ್ತಮ್ಮಾ" ಎಂದಳು. ಅವಳು ಅವತ್ತು ಕೇಳಿದ್ದ ಕಿರುಹೊತ್ತಿಗೆಯನ್ನು ನಾನು ಕೊಟ್ಟೆ. ಪೂರ್ತಿ ಓದಿ ವಾಪಸ್ ಕೊಡಬೇಕು ಎಂದೆ. "ವಾಪಸ್ ಕೊಡಕ್ಕೆ ಬರಲೇಬೇಕಲ್ಲ ಹಾಗಾದ್ರೆ" ಎಂದಳು. ಅದನ್ನು ಬ್ಯಾಗಿನಲ್ಲಿಟ್ಟು ಜಿಪ್ಪು ಎಳೆಯಲು ಹೋದಾಗ ಎರಡು ಸಲ ಕೈ ಜಾರಿತು. ಅದನ್ನು ನಾಟಕ ಮಾಡಲಾಗದು.

ಅಣ್ಣ ಸ್ಟೇರಿಂಗ್ ಹಿಡಿದು ಕೂತು ಕೇಳಿದ, "ಮಿತ್ರಾ, ಫಿಲ್ಟರ್ ನೋಡಿದ್ಯಾ?"

"ನೋಡಿದೆ ಕಣಣ್ಣ."

ಹೈವೇ ಕಾಣುವ ತನಕ ಹಿಂದೆ ನಡೆದೆ. ಬಿಳಿ ಗಾಡಿ ದಿಬ್ಬ ಹತ್ತಿತು, ಟೊಮೆಟೊ ಲಾರಿಯೊಂದನ್ನು ದಾಟಿತು. ಹಿಂದೆ ಹೊಗೆ ಇರಲಿಲ್ಲ.

ಮಾರ್ಚ್ 21, ಶನಿವಾರ

ಚೆನ್ನರಾಯಪ್ಪ ಬಂದಿದ್ದರು. ಹೊರಗೆ ರಸ್ತೆಯಲ್ಲಿ ಎರಡು ಗಾಡಿ ನಿಂತಿದ್ದವು, ಅವರ ತಮ್ಮಂದಿರು ಇಳಿಯಲಿಲ್ಲ. ಇವರು ಒಬ್ಬರೇ ಒಳಗೆ ಬಂದರು. ನಿನ್ನೆ ಪೊಲೀಸಿನವರು ಬಂದು ಹೋಗಿದ್ದರು. ಗಾಡಿ ನಾನೇ ಕೊಟ್ಟದ್ದು ಎಂದು ತಿರುಮಲೇಶ್ ಅವರ ಮುಂದೆ ಹೇಳಿದನಂತೆ. ಅವನ ಕೆನ್ನೆ ಊದಿದೆ ಎಂದು ಬಸ್ಸಿನವರು ಹೇಳಿದರು. ಅವನನ್ನು ನಾನು ಏನೆಂದುಕೊಂಡಿದ್ದೆ ಎಂಬುದು ಈ ಪುಟಗಳಲ್ಲಿದೆ.

ಪೆದ್ದಮ್ಮ ಸ್ಟೂಲು ತಂದಿಟ್ಟಳು. "ಕೂತ್ಕೋಪ್ಪ" ಎಂದಳು. ಅವರ ಫಿಲೇಚರಿನಲ್ಲಿ ಅವರೆದುರು ಅವಳು ಕೂತು ಮಾತಾಡಿದ್ದು ನನಗೆ ಗೊತ್ತಿಲ್ಲ. ಇವತ್ತು ತಾನೂ ಎದುರಿಗೆ ಕೂತಳು.

"ಎಲ್ಲಿಗೆ ಹೋದ್ರಮ್ಮ?" ಎಂದು ನನ್ನ ಕಡೆ ತಿರುಗಿ ಕೇಳಿದರು.

"ಗೊತ್ತಿಲ್ಲ."

"ಸುಳ್ಳು ಹೇಳ್ಬೇಡ."

"ಗೊತ್ತಿಲ್ಲ ಅನ್ನೋದು ನಿಜ. ಗೊತ್ತಾಗ್ಬಾರ್ದು ಅಂತಲೇ ಕೇಳಲಿಲ್ಲ."

ಅವರ ಕಣ್ಣು ಶೆಡ್ಡೆಲ್ಲ ಸುತ್ತಿ ಕಿಟಕಿಯ ಮೇಲೆ ನಿಂತಿತು. ಎದ್ದು ಹೋಗಿ ಆ ನವಿರಿನ ಉಂಡೆ ತೆಗೆದುಕೊಂಡರು. ಅದನ್ನು ಬಿಸಾಡಬೇಕಿತ್ತು, ಮರೆತಿದ್ದೆ.

"ಇದೆಲ್ಲಿತ್ತು?"

"ಗಾಡಿ ಮೂಗಲ್ಲಿ."

ಎರಡು ಬೆರಳಲ್ಲಿ ಎಳೆ ಎಳೆದು ನೋಡಿದರು. ಬಹಳ ಹೊತ್ತು ನೋಡಿದರು. "ನಮ್ಮ ಹಿತ್ತಲಲ್ಲೇ ನಿಲ್ತಿತ್ತಾ" ಎಂದರು. ನನಗೆ ಹೇಳಿದ್ದಲ್ಲ ಅದು.

ಆಗ ಫೋನು ಬಡಿಯಿತು. ಬೆಂಚಿನ ಮೇಲೆ, ನಮ್ಮಿಬ್ಬರ ಮಧ್ಯೆ. ಒಂದೇ ರಿಂಗು. ನಿಂತಿತು.

"ಯಾರು?"

"ಯಾರೋ ಕರೆನ್ಸಿ ಇಲ್ಲದೋರು."

ಅವರು ಫೋನನ್ನೇ ನೋಡಿದರು. ಕೈ ಚಾಚಿದರೆ ಸಿಗುತ್ತಿತ್ತು. ಪರದೆಯ ಮೇಲೆ ಅವರಿಬ್ಬರು ತಲುಪಿದ ಊರಿನ ಎಸ್.ಟಿ.ಡಿ. ಕೋಡು ಇತ್ತು. ಅದನ್ನು ಮುಚ್ಚಲು ನಾನು ಕೈ ಮುಂದಿಡಲಿಲ್ಲ. ಇಟ್ಟರೆ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ಹೊರಗೆ ಅವರ ತಮ್ಮನೊಬ್ಬ ಹಾರ್ನ್ ಹೊಡೆದ.

"ಆ ಗಾಡಿ ಹೊಗೆ ಬಿಡ್ತಿತ್ತು" ಎಂದರು.

"ಈಗ ಬಿಡಲ್ಲ."

"ದಾರೀಲಿ ಎಲ್ಲಾದ್ರೂ ಕೆಟ್ಟು ನಿಂತುಗಿಂತು..."

"ನಿಲ್ಲಲ್ಲ. ಫಿಲ್ಟರ್ ನೋಡಿದೆ."

ತಲೆ ಆಡಿಸಿದರು. ನವಿರನ್ನು ಷರ್ಟಿನ ಜೇಬಿಗೆ ಹಾಕಿಕೊಂಡು, ಪೆದ್ದಮ್ಮನಿಗೆ ಬರ್ತೀನಿ ಎಂದೂ ಹೇಳದೆ ಹೊರಟರು. ಅಪ್ಪನಾಗಿ ಕೇಳಿದರೋ, ಬೆನ್ನಟ್ಟುವವರಾಗಿ ಕೇಳಿದರೋ ಇನ್ನೂ ಗೊತ್ತಾಗುತ್ತಿಲ್ಲ. ಗಾಡಿಗಳು ಶಿಡ್ಲಘಟ್ಟದ ಕಡೆ ತಿರುಗಿದವು. ಹೈವೇ ಕಡೆ ಅಲ್ಲ. ಸದ್ದು ನಿಲ್ಲುವ ತನಕ ಕೇಳಿದೆ.

ಆಮೇಲೆ ಫೋನು ತೆಗೆದು ಆ ನಂಬರ್ ಓದಿದೆ, ಇನ್ನೊಂದು ಸಲ ಓದಿದೆ, ಅಳಿಸಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.